ಅಪ್ಪಗ, ಬರ್ಫದ ಸಂದಿನ ವಿಷಯ

ಒಟ್ಟಾವಾ, ಕೆನಡಾ
ಫೆಬ್ರುವರಿ

ತೀರ್ಥರೂಪ ಅಪ್ಪಗ, ಮಾತೋಶ್ರೀ ಅವ್ವಗ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತಲಾಗ ನಾನು ಕ್ಷೇಮ, ಅತ್ತಲಾಗ ಗದಗಿನ್ಯಾಗ ನೀವೆಲ್ಲಾರೂ ಕ್ಷೇಮ ಅಂತ ತಿಳಿದೀನಿ.

ತಂಗಿ ಮೊಬೈಲಿಗೆ ನಾ ಕಳಿಸಿದ ಬರ್ಫದಾಗ ಕೆತ್ತಿದ ಹಕ್ಕಿಯ ಫೋಟೋ ನೋಡಿ ಅವ್ವ "ಗಾಜಿನ ಹಕ್ಕಿ ಏನ?" ಅಂದ್ಲಂತ. ನೀವು ಮಾತ್ರ "ಕುತಿಗಿ ಹತ್ರ ಸಂದು ಕಾಣತೈತಿ, ಏನು ಹಚ್ಚಿ ಕೂಡಿಸ್ಯಾರ ಕೇಳು" ಅಂದ್ರಂತ. ಜೀವಮಾನ ಪೂರ್ತಿ ಬಾಗಿಲಾ, ಚೌಕಟ್ಟು ಮಾಡಿದವರ ಕಣ್ಣು ಬ್ಯಾರೆ ಎಲ್ಲಿ ಹೋಗಬೇಕು! ಫೋನಿನ್ಯಾಗ ಹೇಳೂ ಮಾತಲ್ಲ ಇದು. ನಿಮಗ ಸರಿಯಾಗಿ ಕೇಳಸೂದಿಲ್ಲ, ಎರಡ ಸಲ ಹೇಳಾಕ ನನಗ ಸಮಾಧಾನ ಇರೂದಿಲ್ಲ. ಅದಕ್ಕ ಬರಿಯಾಕ ಕುಂತೀನಿ.

ಇಲ್ಲಿ ಫೆಬ್ರುವರಿಯೊಳಗ ವಿಂಟರ್‌ಲೂಡ್ ಅಂತ ಹಬ್ಬ ಮಾಡ್ತಾರ, 1979ರಿಂದ ನಡಕೋತ ಬಂದೈತಿ. ತೇರಿಲ್ಲ, ದೇವರಿಲ್ಲ, ಥಂಡಿ ಒಂದ ನೆವ. ಊರ ನಡುವ ರಿಡೋ ಕಾಲುವಿ ಐತಿ, 1832ರಾಗ ಕಟ್ಟಿ ಮುಗಿಸಿದ್ದು. ನೀರು ಹೆಪ್ಪುಗಟ್ಟಿತಂದ್ರ 7.8 ಕಿಲೋಮೀಟರು ಉದ್ದಕ್ಕೂ ಮಂದಿ ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಜಾರ್ತಾರ, ಕೆಲವರು ಆಫೀಸಿಗೂ ಹಂಗ ಹೋಗ್ತಾರ. 2023ರ ಚಳಿಗಾಲದಾಗ ಥಂಡಿ ಸಾಲದ ಒಂದು ದಿನಾನೂ ತೆರೀಲಿಲ್ಲಂತ. ಇಲ್ಲಿಯವರು ಈಗೂ ಆ ಮಾತು ತಗದು ಮರಗ್ತಾರ.

ಈ ಹಬ್ಬದಾಗ ಬರ್ಫದ ಕೆತ್ತನಿ ನಾ ನೋಡಿದ್ದು ಸ್ಪಾರ್ಕ್ಸ್ ಸ್ಟ್ರೀಟಿನ್ಯಾಗ. ಪಾರ್ಲಿಮೆಂಟಿನ ಹತ್ರದ ಓಣಿ, ಗಾಡಿ ಬಿಡೂದಿಲ್ಲ.

ಮೊದಲ ಬರ್ಫದ ಜಾತಿ ಹೇಳ್ತೀನಿ. ನಮ್ಮ ಫ್ರಿಜ್ಜಿನ್ಯಾಗಿನ ಬರ್ಫ ನಡುವ ಬೆಳ್ಳಗ ಇರ್ತೈತಲ್ಲ, ಅದು ಸುತ್ತಲಿಂದ ಗಟ್ಟಿಯಾಗಿಕೋತ ಬಂದು ನೀರಿನ್ಯಾಗಿನ ಗಾಳಿ ಒಳಗ ಸಿಕ್ಕೊಂಡದ್ದು. ಕೆತ್ತೂ ಬರ್ಫಕ್ಕ ಅದು ನಡಿಯೂದಿಲ್ಲ. ತೊಟ್ಟಿಗೆ ತಳದಿಂದಷ್ಟ ತಂಪು ಕೊಡ್ತಾರ, ಮ್ಯಾಲ ಸಣ್ಣ ಪಂಪು ಇಟ್ಟು ನೀರು ಆಡಸ್ತಿರ್ತಾರ. ಬರ್ಫ ತಳದಿಂದ ಏರಿಕೋತ ಗಾಳಿ, ಹೊಲಸು ಎಲ್ಲಾ ಮ್ಯಾಲ ನೂಕತೈತಿ. ಕಡೀಕ ಉಳದ ನೀರು ತಗದು ಚೆಲ್ಲಿಬಿಡ್ತಾರ. ಮೂರು-ನಾಕು ದಿನಕ್ಕ ಒಂದು ದಿಮ್ಮಿ, ತೂಕ ಸುಮಾರು 136 ಕಿಲೋ. ಆಚೆ ಕಡೆ ಪೇಪರ್ ಹಿಡದ್ರ ಈಚೆ ನಿಂತು ಓದಬಹುದು.

ಹತ್ಯಾರದ ಪೈಕಿ ದೊಡ್ಡ ಕೆಲಸಕ್ಕ ಚೈನ್ ಸಾ, ಸಣ್ಣದಕ್ಕ ಗ್ರೈಂಡರ್. ಉಳಿ ನಿಮ್ಮವುಕಿಂತ ಅಗಲ, ಹಿಡಿಕಿ ಉದ್ದ. ಕೊಡತಿ ಬೇಕಾಗೂದಿಲ್ಲ, ಎರಡೂ ಕೈಯಿಂದ ನೂಕಿದ್ರ ಸಿಪ್ಪಿ ಏಳತೈತಿ. ಮ್ಯಾಲ ಮ್ಯಾಲ ಗೆರಿ ಎಳದ್ರ ಕಾಣೂದಿಲ್ಲ, ಮೈ ಪೂರ್ತಿ ತಿಳಿ ಇರೂದಕ್ಕ. ಹಿಂಗಾಗಿ ರೆಕ್ಕಿಯ ಪುಕ್ಕ ಆಳಕ್ಕ ಕೊರದು, ಆ ಕೊರದ ಗೆರಿಯೊಳಗ ತರಿ ಹಂಗ ಬಿಡ್ತಾರ, ಅದು ಬೆಳ್ಳಗ ಎದ್ದು ಕಾಣತೈತಿ. ಸುತ್ತಲಿನ ಮೈಗೆ ಗ್ಯಾಸಿನ ಉರಿ ಒಂದೀಟು ತೋರಿಸಿ ನುಣ್ಣಗ ಮಾಡ್ತಾರ.

ಇನ್ನ ನಿಮ್ಮ ಸಂದಿನ ಮಾತು. ಮೊಳಿ ಇಲ್ಲ, ಗೂಟ ಇಲ್ಲ, ಫೆವಿಕಾಲ್ ಇಲ್ಲ. ಅಲ್ಯುಮಿನಿಯಂದ ದಪ್ಪ ಹಲಗಿ ಬಿಸಿ ಮಾಡಿ ಎರಡೂ ತುಂಡಿನ ಮುಖಕ್ಕ ಒತ್ತಿ ಆಡಸ್ತಾರ, ರಂದಾ ಹೊಡದ ಹಂಗ ಸಪಾಟ ಆಗತೈತಿ. ಹಸಿ ಇದ್ದಂಗ ಒಂದರ ಮ್ಯಾಲೊಂದು ಕುಂದ್ರಿಸಿ ಒತ್ತಿ ಹಿಡದ್ರ ಅಲ್ಲೇ ಹೆಪ್ಪುಗಟ್ಟಿ ಕೂಡತಾವ. ಎಲ್ಲೆರೆ ಸಂದಿ ಉಳದ್ರ ಕೆತ್ತಿದ ಪುಡಿ ನೀರಿನ್ಯಾಗ ಕಲಸಿ ತುಂಬ್ತಾರ. ಮುಖ ಸಪಾಟ ಇದ್ದಷ್ಟೂ ಕೂಡಿದ್ದು ಕಾಣೂದಿಲ್ಲ. ನೀವು ಹಿಡದ ಆ ಗೆರಿ, ಒಂದು ಕಡೆ ಗಾಳಿ ಉಳದದ್ದು.

ಥಂಡಿ ವಿಪರೀತ ಆದ್ರೂ ತ್ರಾಸ. ಬರ್ಫ ಪೆಡಸಾಗಿ ಉಳಿ ತಾಗಿದ ಕೂಡಲೆ ಸೀಳತೈತಿ, ನೀರು ಹಚ್ಚಿದ್ರ ಪಟ್ ಅಂತ ಬಿರುಕು. ಬಿಸಲು ಬಿದ್ರ ಬ್ಯಾರೆ ಆಟ: ಅದು ಒಳಗ ಹೊಕ್ಕು ನಡುವಿಂದನ ಕರಗಸಾಕ ಹತ್ತತೈತಿ. ಒಂದು ಬರ್ಫದ ಮೀನಿನ ಹೊಟ್ಟಿಗೆ ಕಣ್ಣು ಹಚ್ಚಿ ನೋಡಿದೆ. ಸಾಸಿವಿಕಾಳಿನಷ್ಟ ಸಣ್ಣವು, ಆರ ಎಸಳಿನ ಹೂವು, ಒಳಗೊಳಗ ಅರಳಿದ್ವು. ಟಿಂಡಾಲ್ ಅನ್ನೂ ವಿಜ್ಞಾನಿ 19ನೇ ಶತಮಾನದಾಗ ಇವನ್ನ ನೋಡಿ ಬರದಾನ, ಅವಕ್ಕ ಅವನ ಹೆಸರ ಐತಿ. ಹೊರಗ ಸೊನ್ನಿಗಿಂತ ಕೆಳಗಿದ್ರೂ ಗಾಳಿಗೆ ಬರ್ಫ ನೀರಾಗದನ ಆವಿ ಆಗಿ ಹೋಗತೈತಿ, ಕೊಕ್ಕು, ಬೆರಳು, ಎಲಿ ತುದಿ ಮೊದಲ.

ರಾತ್ರಿ ಹಸರು, ನೇರಳಿ ದೀಪ ಹಾಕ್ತಾರ. ಮಂದಿಗೆ ಅದ ಸೇರತೈತಿ, ಸೆಲ್ಫಿಗೆ ಸಾಲು ಹಚ್ಚತಾರ. ನನಗ ಸೇರಲಿಲ್ಲ. ಕೆತ್ತಿದ್ದೆಲ್ಲಾ ಬಣ್ಣದಾಗ ಮುಳಗಿ ಹೋಗತೈತಿ. ಲಕ್ಕುಂಡಿ ಕಾಶಿವಿಶ್ವೇಶ್ವರ ಗುಡಿಗೆ ಹೋದಾಗ, ನಡು ಮಧ್ಯಾಹ್ನ ಏನು ಕಂಡೀತು, ಬಿಸಲು ಓರೆ ಬಿದ್ದಾಗ ಬಾಗಿಲ ಚೌಕಟ್ಟು ನೋಡು ಅಂತಿದ್ರಿ. ಹಂಗ ಮುಂಜಾನೆ ಎದ್ದು ಹೋದೆ. ಓಣಿ ಖಾಲಿ, ಪುಕ್ಕ ಒಂದೊಂದೂ ಎಣಸೂ ಹಂಗಿತ್ತು.

ಅವ್ವಾ, ಏನು ತಿಂದಿ ಅಂತ ನೀ ಕೇಳಾಕೀನ. ಬೀವರ್‌ಟೇಲ್ ಅಂತ ಸಿಗತೈತಿ: ಹಿಟ್ಟು ಉದ್ದಕ್ಕ ಎಳದು ಎಣ್ಣ್ಯಾಗ ಕರದು ಸಕ್ಕರಿ, ದಾಲ್ಚಿನ್ನಿ ಪುಡಿ ಉದರಸ್ತಾರ. ಬಿಸಿ ಇರೂತನಕ ಛಲೋ, ಆರಿದ ಮ್ಯಾಲ ತಿನ್ನಬಾರದು. ನೀ ಕಟ್ಟಿ ಕಳಿಸಿದ ಶೇಂಗಾ ಹಿಂಡಿ ತಳ ಕಂಡೈತಿ. ಯಾರೆರೆ ಬರಾವರಿದ್ರ ನೋಡು.

ಅಪ್ಪಾ, ಒಂದು ಕೇಳೂದೈತಿ. ಹಕ್ಕಿ ಎರಡು ಮೀಟರಿನಷ್ಟು ಎತ್ತರ, ದಿಮ್ಮಿ ಒಂದ ಮೀಟರು, ಹಿಂಗಾಗಿ ಎಲ್ಲೋ ಒಂದು ಕಡೆ ಕೂಡಿಸಬೇಕ. ಕೆತ್ತಾಂವ ಸಪೂರ ಕುತಿಗಿಗೆ ಸಂದು ತಂದಾನ. ಎದಿ ಹತ್ರ, ದಪ್ಪ ಇದ್ದಲ್ಲಿ ಬಿಡಬೇಕಿತ್ತು ಅಂತ ನನಗ ಅನಿಸ್ತು. ಹಂಗ ಮಾಡಿದ್ರ ಪುಕ್ಕದ ನಡುವ ಗೆರಿ ಬರತೈತಿ ಅಂದ ಆಂವ. ನೀವಾಗಿದ್ರ ಎಲ್ಲಿ ಇಡತಿದ್ರಿ? ಒಂದು ಹಾಳಿ ಮ್ಯಾಲ ನಕಾಶಿ ತಗದು ತಂಗಿ ಕಡೆ ಫೋಟೋ ಹೊಡಿಸಿ ಕಳಸ್ರಿ.

ಇಂತಿ ನಿಮ್ಮ ಮಗ