ಶನಿವಾರದ ಕೊನೆಯ ಪೀರಿಯಡ್ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮೊನ್ನೆ ಗೇಟಿನ ಹತ್ತಿರ ಒಬ್ಬ ತಾಯಿ ಕೇಳಿದರು: "ಮೇಡಂ, ಶನಿವಾರ ಕೊನೆಯ ಪೀರಿಯಡ್ ಬರೀ ಆಟವಂತೆ, ಹೌದಾ?" ಹೌದು. ಐದರಿಂದ ಏಳನೇ ತರಗತಿಯವರಿಗೆ ಆ 40 ನಿಮಿಷ ಪದಗಳ ಆಟ. ಪರೀಕ್ಷೆ ಇಲ್ಲ, ಮಾರ್ಕ್ಸೂ ಇಲ್ಲ.

ಆರನೇ ತರಗತಿಯಲ್ಲಿ ಒಗಟಿನಿಂದ ಶುರು ಮಾಡಿದೆವು. 'ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ' ಅಂದ ತಕ್ಷಣ ಅರ್ಧ ತರಗತಿ 'ಮಲ್ಲಿಗೆ' ಅಂತ ಕೂಗಿತು. ಅಜ್ಜಿಯರ ಪುಣ್ಯ! ಆದರೆ ಅದು ನೆನಪಿನ ಕೆಲಸ ಅಲ್ವಾ? ಹಾಗಾಗಿ, ಬೆಂಗಳೂರಿನ ಮೇಲೆ ನೀವೇ ಒಂದು ಒಗಟು ಕಟ್ಟಿ ಅಂದೆವು. ತುಂಬಾ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಬಂತು: 'ಓಡಿದರೂ ಓಡುತ್ತೆ, ನಿಂತರೂ ಓಡುತ್ತೆ.' ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಆಟೋದ ಮೀಟರ್! ನಾನೂ ಸೋತೆ.

ಇನ್ನೊಂದು ದಿನ 'ಆಡು' ಎಂಬ ಒಂದೇ ಪದ. ಅದು ಮೇಕೆಯೂ ಹೌದು, ಆಟವೂ ಹೌದು, ಮಾತೂ ಹೌದು. ಮೂರೂ ಬರುವಂತೆ ಒಂದು ವಾಕ್ಯ ಮಾಡಬೇಕು. ನೀವೂ ಪ್ರಯತ್ನಿಸಿ, ಸುಲಭವಿಲ್ಲ.

ಗುಂಪಿನ ಆಟದಲ್ಲಿ ಮೊದಲು ತಪ್ಪಿದ್ದು ನಾವೇ. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳುವ ಪರೀಕ್ಷೆ ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಫರ್ಡ್ ಅವರದು. ಕಡಲೆಕಾಯಿ ಪರಿಷೆ ಮುಗಿದ ವಾರವಾದ್ದರಿಂದ ನಾವು ಇಟ್ಟಿಗೆ ಬಿಟ್ಟು ಕಡಲೆಕಾಯಿ ಸಿಪ್ಪೆ ಕೊಟ್ಟೆವು. ನಾಲ್ಕು ನಾಲ್ಕು ಮಕ್ಕಳ ಗುಂಪು. ಪ್ರತಿ ಗುಂಪಿನಲ್ಲೂ ಒಬ್ಬರದೇ ಮಾತು, ಉಳಿದ ಮೂವರು ತಲೆಯಾಡಿಸಿದರು. ಇದು ಹಳೆಯ ಸಮಸ್ಯೆ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ್ದರು. ಒಟ್ಟಿಗೆ ಕೂತ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಉತ್ತರಗಳನ್ನು ಸೇರಿಸಿದಾಗ ಹೊಸ ಯೋಚನೆಗಳು ಜಾಸ್ತಿ ಸಿಕ್ಕಿದ್ದವು.

ಈಗ ಮೊದಲ ಐದು ನಿಮಿಷ ಯಾರೂ ಮಾತಾಡುವಂತಿಲ್ಲ. ಪ್ರತಿ ಮಗು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಡಬೇಕು. ಅವರು ಅದನ್ನು ಹೊಡೆದುಹಾಕದೆ ಮುಂದುವರಿಸಬೇಕು. ತರಗತಿಯಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು 'ಇರುವೆಗೆ ದೋಣಿ' ಎಂದು ಬರೆದಿದ್ದಳು. ಪಕ್ಕದವನು ಸೇರಿಸಿದ್ದು: 'ಮಳೆ ಬಂದಾಗ ಅಂಡರ್‌ಪಾಸ್ ದಾಟೋಕೆ.'

ಮನೆಯಲ್ಲೂ ಆಡಿಸಿ. ಊಟದ ಹೊತ್ತಲ್ಲಿ ಹತ್ತು ನಿಮಿಷ ಸಾಕು. ಮನೆಮಾತು ತೆಲುಗು, ತಮಿಳು, ಉರ್ದು ಯಾವುದಾದರೂ ಸರಿ, ಆ ಭಾಷೆಯ ಒಗಟುಗಳನ್ನೂ ಮಕ್ಕಳು ತರಲಿ. ಒಂದೇ ಕೋರಿಕೆ: ಮಗು ಹೇಳಿ ಮುಗಿಸುವ ಮೊದಲೇ 'ಹಾಗಲ್ಲ, ಹೀಗೆ' ಅನ್ನಬೇಡಿ. ಹಾಗೇ, ಉತ್ತರವನ್ನು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಬೇಡಿ. ಕಳೆದ ಸಲ ಹನ್ನೊಂದು ಮಕ್ಕಳು ಒಂದೇ ವಾಕ್ಯ ತಂದಿದ್ದರು, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ!

ಬರುವ ಶನಿವಾರ ಮನೆಯಲ್ಲಿ ಬಿಸಾಡಲು ಇಟ್ಟಿರುವ ಒಂದು ವಸ್ತು ಕೊಟ್ಟು ಕಳಿಸಿ. ಮುರಿದ ಛತ್ರಿ, ಹಳೇ ಬೀಗ, ಜೋಡಿ ಕಳೆದ ಚಪ್ಪಲಿ ಏನಾದರೂ ಆದೀತು. ಗಾಜಿನದು ಮಾತ್ರ ಬೇಡ.

ಇಂತಿ,
ಮುಖ್ಯೋಪಾಧ್ಯಾಯಿನಿ