ಸೈನಿಕರ ಮನೆಯ ಬೇಸಿಗೆಗೆ ಬೇರೆಯೇ ಲೆಕ್ಕ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆಗೆಂದು ತಾವು ತಂದ ಪುರವಣಿ ಓದಿದೆವು. ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ಏನಾದರೊಂದರಲ್ಲಿ ತೊಡಗಿಸಿಡುವ ಉಪಾಯಗಳಿಗೆ ಅದರಲ್ಲಿ ಬರವಿಲ್ಲ. ಆದರೆ ಮುಕ್ಕಾಲು ಪಾಲು ಸಲಹೆಗಳು, ಸಂಜೆಯಾದರೆ ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿರುತ್ತಾರೆ ಎಂದು ನಂಬಿಕೊಂಡು ಬರೆದವು. ಸೈನ್ಯದಲ್ಲಿರುವವರ ಮನೆಯಲ್ಲಿ ಈ ಲೆಕ್ಕ ತಲೆಕೆಳಗು. ಒಬ್ಬರು ದೂರದ ಕರ್ತವ್ಯದಲ್ಲಿ, ಇನ್ನೊಬ್ಬರು ಐದು ವರ್ಷದೊಳಗಿನ ಒಂದೆರಡು ಮಕ್ಕಳೊಡನೆ ಒಂಟಿಯಾಗಿ. ಸಾಲದ್ದಕ್ಕೆ ಶಾಲೆಗೆ ರಜೆ ಇದೆಯಲ್ಲ ಎಂದು ವರ್ಗಾವಣೆಯ ಗಂಟುಮೂಟೆಯೂ ಇದೇ ತಿಂಗಳುಗಳಲ್ಲಿ. ಇಂಥ ಮನೆಗೆ ಬೇಕಿರುವುದು ಹೊಸ ಆಟಗಳ ಪಟ್ಟಿಯಲ್ಲ. ಏಳುವ ಹೊತ್ತು, ಮಧ್ಯಾಹ್ನದ ನಿದ್ದೆ, ರಾತ್ರಿ ಮಲಗುವ ಕ್ರಮ ಎಂಬ ಮೂರು ಗೂಟಗಳು ಅಲುಗದೆ ನಿಂತರೆ ಸಾಕು, ಉಳಿದದ್ದನ್ನು ಅವಕ್ಕೆ ಕಟ್ಟಿಕೊಂಡು ಹೋಗಬಹುದು.

ಚಿಕ್ಕ ಮಕ್ಕಳಿಗೆ ಗಡಿಯಾರ ತಿಳಿಯದು. ಯಾವುದರ ಹಿಂದೆ ಯಾವುದು ಬರುತ್ತದೆ ಎಂಬುದೇ ಅವರ ಗಡಿಯಾರ. ಶಿಶುವಿಹಾರ ಮುಚ್ಚಿದಾಗ ಅದರ ಒಂದು ಮುಳ್ಳು ನಿಲ್ಲುತ್ತದೆ, ಮನೆಯಿಂದ ಒಬ್ಬರು ಹೊರಟಾಗ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 1ರಿಂದ 2 ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, 3ರಿಂದ 4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಇದು ತಪ್ಪುವುದು ಮಗುವಿನ ಹಟದಿಂದ ಮಾತ್ರ ಅಲ್ಲ. ಮಗು ಮಲಗಿತೆಂದರೆ ಮನೆ ಭಣಭಣ ಎನ್ನುತ್ತದೆ. ಆ ಮೌನಕ್ಕೆ ಹೆದರಿ ಮನೆಯಲ್ಲಿರುವವರೇ ‘ಇನ್ನರ್ಧ ಗಂಟೆ ಇರಲಿ’ ಎಂದು ಮಗುವನ್ನು ಎಚ್ಚರವಿಟ್ಟುಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಇಬ್ಬರದೂ ನಿದ್ದೆ ಕೆಟ್ಟು, ಯಾರ ಸಿಟ್ಟು ಯಾರಿಗೆ ಅಂಟಿತೋ ತಿಳಿಯದ ಸ್ಥಿತಿ. ಅದೇ ಮಾರ್ಗಸೂಚಿ 1ರಿಂದ 4 ವರ್ಷದವರಿಗೆ ದಿನಕ್ಕೆ ಒಟ್ಟು ಕನಿಷ್ಠ 180 ನಿಮಿಷ ಓಡಾಟವಿರಲಿ ಎನ್ನುತ್ತದೆ. ಅದನ್ನು ಬಿಸಿಲೇರುವ ಮೊದಲು ಒಂದಷ್ಟು, ತಂಪಾದ ಮೇಲೆ ಒಂದಷ್ಟು ಎಂದು ಒಡೆದುಕೊಂಡರೆ ನಡುವಿನ ನಿದ್ದೆ ತಾನಾಗಿ ಬರುತ್ತದೆ.

ಇನ್ನು ದಿನ ಎಣಿಸುವ ವಿಚಾರ. ಇದರಲ್ಲೇ ಹೆಚ್ಚು ಮನೆಗಳು ಎಡವುತ್ತವೆ. ಬಣ್ಣದ ಕಾಗದದ ಉಂಗುರಗಳ ಸರ ಮಾಡಿ ಗೋಡೆಗೆ ತೂಗುಹಾಕುವುದು, ದಿನಕ್ಕೊಂದು ಉಂಗುರ ಹರಿಯುವುದು, ಸರ ಮುಗಿದ ದಿನ ಅಪ್ಪ ಬರುತ್ತಾರೆ ಎನ್ನುವುದು. ನೋಡಲು ಚೆಂದ, ತಾರೀಖು ಮುಂದೆ ಹೋಗುವವರೆಗೆ. ಸೈನ್ಯದಲ್ಲಿ ತಾರೀಖು ಮುಂದೆ ಹೋಗುತ್ತಲೇ ಇರುತ್ತದೆ. ಆಗ ರಾತ್ರೋರಾತ್ರಿ ಸರಕ್ಕೆ ಹೊಸ ಉಂಗುರ ಸೇರಿಸಬೇಕಾಗುತ್ತದೆ, ನಾಲ್ಕು ವರ್ಷದ ಮಗು ಅದನ್ನು ಬೆಳಿಗ್ಗೆಯೇ ಪತ್ತೆ ಹಚ್ಚುತ್ತದೆ. ಅದರ ಬದಲು ಕೂಡಿಡುವ ಲೆಕ್ಕ ಒಳ್ಳೆಯದು. ಖಾಲಿ ಜಾಡಿಯೊಂದನ್ನು ಇಟ್ಟು, ದಿನಾ ಮಲಗುವ ಮುಂಚೆ ಮಗುವಿನ ಕೈಯಿಂದ ಒಂದು ಬೆಣಚುಕಲ್ಲು ಹಾಕಿಸಿ (ಮೂರು ವರ್ಷದೊಳಗಿನವರು ಬಾಯಿಗೆ ಹಾಕುತ್ತಾರೆ, ಅವರ ಬಾಯಲ್ಲಿ ಹಿಡಿಸದಷ್ಟು ದೊಡ್ಡ ಕಲ್ಲು ಆರಿಸಿ, ಜಾಡಿ ಎತ್ತರದಲ್ಲಿರಲಿ). ಜಾಡಿ ತುಂಬಿದರೆ ಇನ್ನೊಂದು ಜಾಡಿ. ಇಷ್ಟು ದಿನ ಕಳೆದೆವು ಎಂದು ತೋರಿಸುವ ಜಾಡಿ ಯಾವತ್ತೂ ಸುಳ್ಳು ಹೇಳುವುದಿಲ್ಲ. ಬರುವ ಸುದ್ದಿಯನ್ನು, ಬರುವವರು ಹೊರಟಾದ ಮೇಲಷ್ಟೇ ಮಗುವಿಗೆ ಹೇಳಬೇಕು. ‘ಬೇಗ ಬರುತ್ತಾರೆ’ ಎಂಬ ಮಾತೂ ಬೇಡ, ಮಗುವಿನ ಭಾಷೆಯಲ್ಲಿ ‘ಬೇಗ’ ಎಂದರೆ ಇವತ್ತು ಸಂಜೆ. ಇನ್ನೊಂದು ಕಾರಣವೂ ಉಂಟು: ಮಗುವಿಗೆ ಗೊತ್ತಾದ ತಾರೀಖು, ಊರು, ತುಕಡಿಯ ಹೆಸರು ಅರ್ಧ ದಿನದಲ್ಲಿ ಆಟದ ಮೈದಾನಕ್ಕೆಲ್ಲ ಗೊತ್ತಾಗುತ್ತದೆ.

ಹೊರಡುವವರು ಹೋಗುವ ಮುಂಚೆ ತಮ್ಮ ದನಿಯಲ್ಲಿ ಕಥೆ ರೆಕಾರ್ಡ್ ಮಾಡಿಟ್ಟು ಹೋಗುವುದು ಈಗ ವಾಡಿಕೆ. ಒಂದೊಂದೂ ನಾಲ್ಕೈದು ನಿಮಿಷ ಮೀರದಿರಲಿ. ಮನೆಯಲ್ಲಿರುವ ಪುಸ್ತಕವನ್ನೇ ಓದಿ, ಪುಟ ತಿರುಗಿಸುವಾಗ ‘ಈಗ ಮುಂದಿನ ಪುಟ’ ಎನ್ನಬೇಕು. ಇಲ್ಲದಿದ್ದರೆ ಮಗುವಿನ ಕೈಯಲ್ಲಿರುವ ಚಿತ್ರಕ್ಕೂ ಕಿವಿಗೆ ಬೀಳುವ ಕಥೆಗೂ ತಾಳ ತಪ್ಪುತ್ತದೆ. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಹತ್ತು ಕಥೆ ಇದ್ದರೆ ಎಂಟನ್ನು ಬಳಸಿ, ಎರಡನ್ನು ಜ್ವರ ಬಂದ ರಾತ್ರಿಗಳಿಗೆಂದು ಎತ್ತಿಡಿ. ಎಲ್ಲದರ ಪ್ರತಿಯೊಂದು ಪೆನ್‌ಡ್ರೈವಿನಲ್ಲಿರಲಿ, ಫೋನ್ ಕಳೆದುಹೋದರೆ ದನಿಯೂ ಅದರೊಡನೆ ಹೋಗುತ್ತದೆ.

ವಿಡಿಯೊ ಕರೆಯ ಬಗ್ಗೆ ಇಷ್ಟೇ: ಕರೆ ಬರುತ್ತದೆಂದು ಮಗುವಿಗೆ ಮುಂಚೆ ಹೇಳಬೇಡಿ, ಫೋನ್ ರಿಂಗಾದ ಮೇಲೆ ಕರೆಯಿರಿ. ಮಲಗುವ ಮುಂಚಿನ ಕರೆ ಅಳುವಿನಲ್ಲಿ ಮುಗಿಯುವುದೇ ಹೆಚ್ಚು. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಹೊತ್ತು ವಾಸಿ. ‘ಊಟ ಆಯ್ತಾ? ಏನು ಮಾಡಿದೆ?’ ಎಂಬ ಪ್ರಶ್ನೆಗಳಿಗೆ ಮೂರು ವರ್ಷದವರು ಉತ್ತರಿಸುವುದಿಲ್ಲ, ಓಡಿಹೋಗುತ್ತಾರೆ. ಬೊಂಬೆಯನ್ನು ಪರದೆಯ ಮುಂದೆ ಹಿಡಿದು ‘ಇದಕ್ಕೆ ಏನಾಯ್ತು ನೋಡು’ ಎಂದರೆ ಐದು ನಿಮಿಷ ನಿಲ್ಲುತ್ತಾರೆ. ಕೆಲವೊಮ್ಮೆ ಭದ್ರತೆಯ ಕಾರಣಕ್ಕೆ ಅಲ್ಲಿಂದ ಸಂಪರ್ಕವೇ ನಿಂತುಹೋಗುತ್ತದೆ. ಆಗ ಮನೆಯ ಟಿವಿಯಲ್ಲಿ ಸುದ್ದಿ ಓಡುತ್ತಿದ್ದರೆ, ಮಗು ನೋಡುವುದು ಟಿವಿಯನ್ನಲ್ಲ, ಅದನ್ನು ನೋಡುತ್ತಿರುವವರ ಮುಖವನ್ನು.

ಮನೆ ಬದಲಿಸುವ ದಿನ ನಿಜಕ್ಕೂ ಅಪಾಯದ ದಿನ. ಬಾಗಿಲುಗಳೆಲ್ಲ ತೆರೆದಿರುತ್ತವೆ, ಔಷಧಿಯ ಚೀಲ ನೆಲದ ಮೇಲಿರುತ್ತದೆ, ಒರೆಸಲೆಂದು ತುಂಬಿಟ್ಟ ಬಕೆಟ್ ಬಚ್ಚಲಲ್ಲಿ ಹಾಗೇ ಇರುತ್ತದೆ. ಆಗತಾನೇ ನಡೆಯಲು ಕಲಿತ ಮಗು ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಕೆಲವೇ ಇಂಚು ನೀರು ಸಾಕು. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಚಿಕ್ಕ ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಹಾಗಾಗಿ ‘ಕೊನೆಯ ಪೆಟ್ಟಿಗೆ ಇಟ್ಟು ಬಂದೆ, ಎರಡೇ ನಿಮಿಷ’ ಎಂಬ ಮಾತು ಅಂದು ಬೇಡವೇ ಬೇಡ. ಗಾಜು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಲಾರಿಗೆ ಸಾಮಾನು ತುಂಬುವಷ್ಟು ಹೊತ್ತು ಮಗುವನ್ನು ನೋಡಿಕೊಳ್ಳಲೆಂದೇ ಒಬ್ಬರು ಇರಬೇಕು. ಆ ಒಬ್ಬರು ಪೆಟ್ಟಿಗೆ ಎತ್ತಬಾರದು. ನೆರೆಮನೆಯವರು ‘ಏನಾದರೂ ಸಹಾಯ ಬೇಕಾ’ ಎಂದು ಕೇಳಿದಾಗ ಕೊಡಬೇಕಾದ ಕೆಲಸ ಇದು.

ಮಗುವಿನ ಪೆಟ್ಟಿಗೆ ಲಾರಿಗೆ ಕೊನೆಗೆ ಏರಬೇಕು, ಇಳಿಯುವಾಗ ಮೊದಲು ಇಳಿಯಬೇಕು. ಹೆಸರನ್ನು ಮೇಲ್ಮುಚ್ಚಳದ ಮೇಲಷ್ಟೇ ಬರೆದರೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಾಣುವುದಿಲ್ಲ, ಎರಡು ಪಕ್ಕಗಳ ಮೇಲೂ ಬರೆಯಿರಿ. ತೊಟ್ಟಿಲ ಮಂಚ ಬಿಚ್ಚಿದ ಸ್ಕ್ರೂಗಳನ್ನು ಅದರ ಕಾಲಿಗೇ ಟೇಪ್ ಹಾಕಿ ಅಂಟಿಸುವವರುಂಟು. ಬೇಸಿಗೆಯ ಕಾವಿಗೆ ಟೇಪಿನ ಅಂಟು ಸಡಿಲಗೊಂಡು, ಹೊಸ ಮನೆ ತಲುಪುವ ಹೊತ್ತಿಗೆ ಎಂಟು ಸ್ಕ್ರೂಗಳಲ್ಲಿ ಆರು ಉಳಿದಿರುತ್ತವೆ, ಆರು ಮೂಲೆಯ ಅಲೆನ್ ಕೀ ಎಲ್ಲೋ ಬಿದ್ದಿರುತ್ತದೆ. ಜಿಪ್ ಚೀಲಕ್ಕೆ ಹಾಕಿ ಕೈಚೀಲದಲ್ಲಿಟ್ಟುಕೊಳ್ಳಿ. ಹೊಸ ಮನೆಯಲ್ಲಿ ಅಡುಗೆಮನೆ ನಾಳೆಗಿರಲಿ, ಮಗುವಿನ ಹಾಸಿಗೆ ಮೊದಲು. ಅದಕ್ಕೆ ಹಳೆಯ ಹೊದಿಕೆಯನ್ನೇ, ಒಗೆಯದೆ ಹಾಸಿ, ಪರಿಚಯದ ವಾಸನೆ ಇರಲಿ. ಕತ್ತಲಾಗುವ ಮೊದಲೇ ಹಾಸಿಗೆಯಿಂದ ಶೌಚಾಲಯಕ್ಕೆ ಮಗುವನ್ನು ನಾಲ್ಕು ಸಲ ನಡೆಸಿಕೊಂಡು ಹೋಗಿ ಬನ್ನಿ. ಚಡ್ಡಿಯಲ್ಲಿ ಮಾಡಿಕೊಳ್ಳುವುದನ್ನು ಬಿಡಿಸುವ ಪಾಠವನ್ನು ಸ್ಥಳ ಬದಲಾವಣೆಯ ಹಿಂದುಮುಂದಿನ ಎರಡು ಮೂರು ವಾರ ಆರಂಭಿಸಬೇಡಿ. ಕಲಿತಿದ್ದ ಮಗುವೂ ಆಗ ಮರೆಯುತ್ತದೆ, ಅದು ಹಟವಲ್ಲ. ಜನನ ಪ್ರಮಾಣಪತ್ರ, ಲಸಿಕೆ ಚೀಟಿ, ಶಾಲೆಯ ವರ್ಗಾವಣೆ ಪತ್ರಗಳ ಮೂಲ ಪ್ರತಿಗಳು ಲಾರಿ ಹತ್ತಬಾರದು. ಗಡಿಬಿಡಿಯಲ್ಲಿ ಲಸಿಕೆಯ ಒಂದು ಡೋಸ್ ತಪ್ಪಿದ್ದರೆ ಸಾಮಾನ್ಯವಾಗಿ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ವೈದ್ಯರಿಗೆ ಚೀಟಿ ತೋರಿಸಿ.

ಪ್ರಯಾಣದಲ್ಲಿ ವಾಂತಿ ಭೇದಿ ಸಾಮಾನ್ಯ. ಓಆರ್‌ಎಸ್ ಪೊಟ್ಟಣಗಳು ಕೈಚೀಲದಲ್ಲಿರಲಿ. ಸಿಗದಿದ್ದಾಗ, 1 ಲೀಟರ್ ಶುದ್ಧ ನೀರಿಗೆ ಚಮಚದ ಅಂಚಿಗೆ ಸಮವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು, ಆದ್ದರಿಂದ ಕಣ್ಣಂದಾಜು ಬೇಡ. ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಸೆಕೆಯಿದ್ದರೂ ಬರೀ ನೀರು ಕುಡಿಸಬಾರದು, ಹಾಲನ್ನೇ ಹೆಚ್ಚು ಸಲ ಕೊಡಬೇಕು. ಆರು ಗಂಟೆಯಾದರೂ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ ಮುಂದಿನ ಊರಿನವರೆಗೆ ಕಾಯದೆ ವೈದ್ಯರನ್ನು ಕಾಣಿ.

ಕೊನೆಗೆ, ಕರ್ತವ್ಯದಿಂದ ಮರಳಿ ಬಂದವರ ವಿಷಯ. ಪತ್ರಿಕೆಗಳಲ್ಲಿ ಬರುವ ಚಿತ್ರದಲ್ಲಿ ಮಗು ಓಡಿಬಂದು ಅಪ್ಪಿಕೊಳ್ಳುತ್ತದೆ. ಎರಡು ವರ್ಷದೊಳಗಿನ ಎಷ್ಟೋ ಮಕ್ಕಳು ಹಾಗೆ ಮಾಡುವುದಿಲ್ಲ. ಮುಖ ತಿರುಗಿಸಿ, ಮನೆಯಲ್ಲಿದ್ದವರ ಹೆಗಲಿಗೆ ಮುಖ ಹುದುಗಿಸುತ್ತವೆ. ಬಂದವರಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ, ಎಳೆದೆತ್ತಿಕೊಂಡರೆ ಮಗುವಿಗೂ ಇದಕ್ಕಿಂತ ದೊಡ್ಡ ಹೆದರಿಕೆಯಿಲ್ಲ. ಟೊಪ್ಪಿ, ಕಪ್ಪು ಕನ್ನಡಕ ತೆಗೆದು ನೆಲದ ಮೇಲೆ ಕೂರಬೇಕು, ಮಗುವಿನದೇ ಆಟಿಕೆಯೊಂದನ್ನು ಕೈಯಲ್ಲಿ ಹಿಡಿದು ಸುಮ್ಮನಿರಬೇಕು. ಹತ್ತು ನಿಮಿಷಕ್ಕೋ ಎರಡು ದಿನಕ್ಕೋ ಮಗು ತಾನಾಗಿ ಬಂದು ಆ ಆಟಿಕೆಯನ್ನು ಕಿತ್ತುಕೊಳ್ಳುತ್ತದೆ. ಅಲ್ಲಿಂದ ಶುರು. ಮಲಗಿಸುವ ಕೆಲಸವನ್ನು ಮೊದಲ ರಾತ್ರಿಯೇ ವಹಿಸಿಕೊಳ್ಳಬೇಡಿ: ಮೂರು ರಾತ್ರಿ ಕೋಣೆಯಲ್ಲಿ ಕುಳಿತಿರಿ, ಮುಂದಿನ ಮೂರು ರಾತ್ರಿ ಕಥೆ ನಿಮ್ಮದು, ಆಮೇಲೆ ದೀಪ ಆರಿಸುವುದು. ಮೊದಲ ವಾರ ಗದರಿಸುವುದೂ ಶಿಸ್ತು ಕಲಿಸುವುದೂ ಮನೆಯಲ್ಲಿದ್ದವರ ಪಾಲಿಗೇ ಇರಲಿ.

ತಮ್ಮಲ್ಲಿ ಒಂದು ಕೋರಿಕೆ. ಮುಂದಿನ ವರ್ಷದ ಪುರವಣಿಯಲ್ಲಿ ಒಬ್ಬರೇ ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೂ ಅರ್ಧ ಪುಟ ಕೊಡಿ. ಸೈನಿಕರ ಮನೆಮಂದಿಯ ಚಿತ್ರ ಹಾಕುವಾಗ ಸಮವಸ್ತ್ರದ ಮೇಲಿನ ಹೆಸರುಪಟ್ಟಿ, ತುಕಡಿಯ ಗುರುತು, ಹಿಂದೆ ಕಾಣುವ ಮನೆ ಸಂಖ್ಯೆಗಳನ್ನು ಮಸುಕುಗೊಳಿಸಿ. ಮಗುವಿನ ಹೆಸರಂತೂ ಬೇಡವೇ ಬೇಡ.

ಇತಿ,
ಸೈನಿಕ ಕುಟುಂಬಗಳ ಕೆಲವು ಓದುಗರು