ಮಚಾಯಸ್ ಊರಿನ ಬ್ಲೂಬೆರ್ರಿ ಪರಿಷೆ

ಮಚಾಯಸ್, ಮೇಯ್ನ್ ರಾಜ್ಯ, ಅಮೆರಿಕ
ಆಗಸ್ಟ್ 26

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ಅನಂತ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಹನುಮಂತನಗರದ ಮನೆಯಲ್ಲಿ ನೀವಿಬ್ಬರೂ ಅಜ್ಜಿಯೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಅಮ್ಮ, ಎರಡು ಸಾವಿರ ಜನರಿರುವ ಊರಿನಲ್ಲಿ ಒಬ್ಬಳೇ ಏನು ತಿನ್ನುತ್ತೀಯೋ, ಯಾರೊಂದಿಗೆ ಕೂತು ತಿನ್ನುತ್ತೀಯೋ ಎಂದು ನೀನು ಪ್ರತಿ ಭಾನುವಾರ ಕೇಳುತ್ತೀಯ. ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಹೇಳಲು ನನಗೆ ಆಗಿಲ್ಲ. ಈ ಬೇಸಿಗೆಯಲ್ಲಿ ನಾನು ಯಾರ ಯಾರ ಪಂಕ್ತಿಯಲ್ಲಿ ಕೂತು ಏನೇನು ಉಂಡೆ ಎಂಬುದನ್ನು ಸಾವಕಾಶವಾಗಿ ತಿಳಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಇಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರೇ ತಿಂಗಳು. ಉಳಿದ ಕಾಲವೆಲ್ಲ ಚಳಿಗೆ ಬಾಗಿಲು ಮುಚ್ಚಿಕೊಂಡಿರುವ ಜನ ಈ ಮೂರು ತಿಂಗಳು ಬೀದಿಯಲ್ಲೇ ಬದುಕುತ್ತಾರೆ. ಜೂನ್‌ನಲ್ಲಿ, 1775ರಲ್ಲಿ ಈ ಊರಿನವರು ಬ್ರಿಟಿಷರ ಹಡಗೊಂದನ್ನು ಹಿಡಿದ ಕಾಳಗದ ನೆನಪು. ಜುಲೈ 4ರಂದು ಸ್ವಾತಂತ್ರ್ಯೋತ್ಸವ. ಆದರೆ ಎಲ್ಲರೂ ಕಾಯುವುದು ಆಗಸ್ಟ್ ತಿಂಗಳ ಮೂರನೆಯ ವಾರಾಂತ್ಯದ ಕಾಡು ಬ್ಲೂಬೆರ್ರಿ ಹಬ್ಬಕ್ಕೆ. ಅದು ಕಳೆದ ವಾರ ಮುಗಿಯಿತು. ಸೆಂಟರ್ ಸ್ಟ್ರೀಟ್‌ನ ಚರ್ಚಿನ ಭಕ್ತರು ಹಲವು ದಶಕಗಳ ಕಾಲ ನಡೆಸಿಕೊಂಡು ಬಂದ ಈ ಹಬ್ಬದಲ್ಲಿ ಬೆಳಿಗ್ಗೆ ಪ್ಯಾನ್‌ಕೇಕ್ ಉಪಾಹಾರ, ಹಗಲೆಲ್ಲ ಬೀದಿ ಅಂಗಡಿಗಳು, ಮಕ್ಕಳಿಗೂ ದೊಡ್ಡವರಿಗೂ ಕಡುಬಿನಂಥ ಪೈ ತಿನ್ನುವ ಸ್ಪರ್ಧೆ, ಸಂಜೆ ಊರಿನವರೇ ಬರೆದು ಆಡುವ ಹಾಡುನಾಟಕ ಇರುತ್ತವೆ.

ಆ ಬೀದಿಗೆ ಕಾಲಿಟ್ಟ ಕೂಡಲೇ ನನಗೆ ಕಡಲೆಕಾಯಿ ಪರಿಷೆಯ ನೆನಪಾಯಿತು. ಕಾರ್ತಿಕದ ಕಡೆಯ ಸೋಮವಾರ ಅಜ್ಜಿಯ ಕೈ ಹಿಡಿದು ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ನಡೆಯುವಾಗ, ಸುಂಕೇನಹಳ್ಳಿಯ ರೈತರು ಬೆಳೆ ತಿನ್ನುತ್ತಿದ್ದ ಬಸವನಿಗೆ ಮೊದಲ ಫಸಲನ್ನೇ ಒಪ್ಪಿಸಿದ ಕಥೆಯನ್ನು ಅವರು ಪ್ರತಿ ವರ್ಷವೂ ಹೊಸದಾಗಿ ಹೇಳುತ್ತಿದ್ದರು. ಇಲ್ಲಿ ಬಸವಣ್ಣನಿಲ್ಲ, ಬೆಂಡು ಬತ್ತಾಸಿಲ್ಲ. ಆದರೂ ತಮ್ಮ ನೆಲದಲ್ಲಿ ಬೆಳೆದದ್ದನ್ನು ಎದುರಿಗಿಟ್ಟುಕೊಂಡು, ಬಂದವರಿಗೆ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಲು ಕೊಟ್ಟು, ಆಮೇಲೆ ಬೆಲೆ ಹೇಳುವ ರೀತಿ ಅದೇ. ನಾಲಿಗೆಯೂ ಬೆರಳೂ ನೇರಳೆ ಹಣ್ಣು ತಿಂದಂತೆ ಬಣ್ಣಗಟ್ಟಿದ ಮಕ್ಕಳು ಬೀದಿ ತುಂಬ ಓಡಾಡುತ್ತಿದ್ದರು.

ಅಪ್ಪ, ಈ ಹಣ್ಣಿನ ಬೇಸಾಯದ ವಿಷಯ ನಿಮಗೆ ಹಿಡಿಸುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಬರುವ ದಪ್ಪ ಬ್ಲೂಬೆರ್ರಿ ಬೇರೆ, ಇದು ಬೇರೆ. ಇದು ಬಟಾಣಿ ಕಾಳಿನಷ್ಟು ಚಿಕ್ಕದು, ಹುಳಿ ಮುಂದು, ಸಿಹಿ ಹಿಂದು. ಇದನ್ನು ಯಾರೂ ನೆಟ್ಟು ಬೆಳೆಸಿದ್ದಲ್ಲ. ಹಿಮನದಿಗಳು ಕರಗಿ ಹಿಂದೆ ಸರಿದ ಮೇಲೆ ಉಳಿದ ಮರಳು, ಕಲ್ಲಿನ ಹುಳಿಮಣ್ಣಿನಲ್ಲಿ ತಾನಾಗಿಯೇ ಹುಟ್ಟಿ, ನೆಲದೊಳಗಿನ ಕಾಂಡದಿಂದ ಹಬ್ಬಿ, ಮೊಣಕಾಲೆತ್ತರವೂ ಬೆಳೆಯದೆ ಎಕರೆಗಟ್ಟಲೆ ಹಾಸಿಕೊಂಡಿರುವ ಗಿಡ ಇದು. ರೈತರು ಕಳೆ ತೆಗೆದು, ಮೇ ತಿಂಗಳ ಕೊನೆಗೆ ಹೂಬಿಟ್ಟಾಗ ಜೇನುಪೆಟ್ಟಿಗೆಗಳನ್ನು ತರಿಸಿ ಇಟ್ಟು ಅದನ್ನು ಸಾಕುತ್ತಾರೆ. ಫಸಲು ಬರುವುದು ಎರಡು ವರ್ಷಕ್ಕೊಮ್ಮೆ; ಕೊಯ್ಲಾದ ಮೇಲೆ ಗಿಡಗಳನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ ಅಥವಾ ಸುಡುತ್ತಾರೆ, ಮುಂದಿನ ವರ್ಷ ಬರೀ ಚಿಗುರು, ಅದರ ಮುಂದಿನ ವರ್ಷ ಹಣ್ಣು. ಅದಕ್ಕಾಗಿ ಹೊಲವನ್ನು ಎರಡು ಭಾಗ ಮಾಡಿಕೊಂಡು ಸರದಿಯ ಮೇಲೆ ಬೆಳೆ ತೆಗೆಯುತ್ತಾರೆ.

ಸಮತಟ್ಟು ನೆಲದಲ್ಲಿ ಈಗ ಯಂತ್ರ ಕೊಯ್ಯುತ್ತದೆ. ಕಲ್ಲುಬಂಡೆಗಳಿರುವ ಕಡೆ ಕೈಯಲ್ಲೇ ಬಾಚಬೇಕು. ಅದರ ಸಾಧನ ನೋಡಿದರೆ ಅಮ್ಮನ ಮೊರಕ್ಕೆ ಬಾಚಣಿಗೆಯ ಹಲ್ಲು ಕೂಡಿಸಿದ ಹಾಗಿದೆ. ಪಕ್ಕದ ಮನೆಯವರ ಹೊಲದಲ್ಲಿ ಒಂದು ದಿನ ನಾನೂ ಬಗ್ಗಿ ಬಾಚಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ನೆಟ್ಟಗಾಗಲಿಲ್ಲ. ನನ್ನ ಪಕ್ಕದ ಸಾಲಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತುಂಬುತ್ತಲೇ ಇದ್ದರು. ಅವರು ಕೆನಡಾದ ಕಡೆಯ ಮಿಗ್ಮಾ ಎಂಬ ಮೂಲನಿವಾಸಿ ಜನ, ಅವರ ಅಜ್ಜಿಯ ಕಾಲದಿಂದಲೂ ಆಗಸ್ಟ್‌ನಲ್ಲಿ ಈ ಹೊಲಗಳಿಗೆ ಬರುತ್ತಾರಂತೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದಲೂ ಕೊಯ್ಲಿನವರು ಬರುತ್ತಾರೆ. ಕೂಲಿ ಪೆಟ್ಟಿಗೆಯ ಲೆಕ್ಕದಲ್ಲಿ. ಹಬ್ಬದ ಬೀದಿಯಲ್ಲಿ ಪೈ ತಿನ್ನುವಾಗ ಆ ಬಗ್ಗಿದ ಬೆನ್ನುಗಳು ನನ್ನ ಕಣ್ಣ ಮುಂದೆಯೇ ಇದ್ದವು. ಕೊಯ್ದ ಹಣ್ಣನ್ನು ಗಾಳಿಗೆ ತೂರಿ ಎಲೆ, ಕಡ್ಡಿ ಬೇರ್ಪಡಿಸುತ್ತಾರೆ. ಹೆಚ್ಚಿನ ಪಾಲು ಆ ಕೂಡಲೇ ಹೆಪ್ಪುಗಟ್ಟಿಸುವ ಕಾರ್ಖಾನೆಗೆ ಹೋಗುತ್ತದೆ. ತಾಜಾ ಹಣ್ಣು ಸಿಗುವುದು ಈ ಕೆಲವು ವಾರ, ಈ ಸೀಮೆಯವರಿಗೆ ಮಾತ್ರ. ಈ ಹಣ್ಣಿನ ಪೈ 2011ರಿಂದ ಮೇಯ್ನ್‌ನ ಅಧಿಕೃತ ಸಿಹಿತಿಂಡಿ.

ಇನ್ನು ಊಟದ ಮಾತು. ಇಲ್ಲಿಯ ಚರ್ಚುಗಳಲ್ಲೂ ರೈತರ ಸಭಾಭವನಗಳಲ್ಲೂ ಶನಿವಾರದ ಸಂಜೆ ಬೀನ್ ಸಪ್ಪರ್ ಎಂಬ ಸಾರ್ವಜನಿಕ ಊಟ ನಡೆಯುತ್ತದೆ. ಕೊಟ್ಟ ಹಣ ಚಾವಣಿಯ ರಿಪೇರಿಗೋ ಅಗ್ನಿಶಾಮಕ ದಳಕ್ಕೋ ಹೋಗುತ್ತದೆ. ಉದ್ದನೆಯ ಮೇಜಿನಲ್ಲಿ ಪರಿಚಯವಿರಲಿ ಇಲ್ಲದಿರಲಿ, ಪಕ್ಕಪಕ್ಕ ಕೂರಬೇಕು. ಜುಲೈನಲ್ಲಿ ಹತ್ತಿರದ ಹಳ್ಳಿಯ ಸಪ್ಪರ್‌ಗೆ ಹೋದಾಗ ಕಾಳನ್ನು ನೆಲದೊಳಗೆ ಬೇಯಿಸುವುದನ್ನು ನೋಡಿದೆ. ಗುಂಡಿ ತೋಡಿ, ಕಲ್ಲು ಹಾಸಿ, ಗಟ್ಟಿ ಸೌದೆಯನ್ನು ಗಂಟೆಗಟ್ಟಲೆ ಉರಿಸಿ ಕೆಂಡ ಮಾಡುತ್ತಾರೆ. ನೆನೆಸಿದ ಕಾಳು, ಈರುಳ್ಳಿ, ಸಾಸಿವೆ ಪುಡಿ, ಕಾಕಂಬಿ ಹಾಕಿದ ಎರಕದ ಕಬ್ಬಿಣದ ಪಾತ್ರೆಯನ್ನು ಅದರೊಳಗಿಳಿಸಿ ಮಣ್ಣು ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಮೂಲನಿವಾಸಿಗಳಿಂದ ಕಲಿತ ಈ ವಿದ್ಯೆಯನ್ನು ಮರ ಕಡಿಯುವವರ ಬಿಡಾರಗಳು ಉಳಿಸಿಕೊಂಡವು ಎನ್ನುತ್ತಾರೆ. ಮರುದಿನ ಮುಚ್ಚಳ ತೆಗೆದಾಗ ಎದ್ದ ಹಬೆ ಮಾಗಡಿಯ ಸೊಗಡವರೆಯನ್ನು ನೆನಪಿಗೆ ತರಲಿಲ್ಲ, ಅದರ ಘಮವೇ ಬೇರೆ. ಆದರೆ ಕಾಳು ಹಿತಕಿದ ಬೇಳೆಯಷ್ಟೇ ಮೆತ್ತಗಿತ್ತು. ಈ ಅಡುಗೆಗೆ ಸಾಮಾನ್ಯವಾಗಿ ಹಂದಿಮಾಂಸದ ತುಂಡು ಹಾಕುತ್ತಾರಾದ್ದರಿಂದ ಮೊದಲ ಸಲ ನಾನು ಬರೀ ಬ್ರೆಡ್, ಕೋಸಿನ ಸಲಾಡ್ ತಿಂದು ಎದ್ದೆ. ಅಡುಗೆಯ ಹಿರಿಯರು ಅದನ್ನು ಗಮನಿಸಿದ್ದರು. ಮುಂದಿನ ಸಲ ನಾನು ಏನೂ ಕೇಳದಿದ್ದರೂ ಮಾಂಸವಿಲ್ಲದ ಚಿಕ್ಕ ಪಾತ್ರೆಯೊಂದನ್ನು ಬೇರೆ ಗುಂಡಿಯಲ್ಲಿ ಹೂತಿಟ್ಟಿದ್ದರು. ಅಮ್ಮ, ಆ ದಿನ ನನ್ನ ಕಣ್ಣು ತುಂಬಿತು.

ಸೆಪ್ಟೆಂಬರ್ ಎರಡನೆಯ ಶನಿವಾರದ ಸಪ್ಪರ್‌ಗೆ ನಿಮ್ಮ ಕಡೆಯದೊಂದು ಪದಾರ್ಥ ತಾ ಎಂದು ಅವರೇ ಕೇಳಿದ್ದಾರೆ. ರಾಮನವಮಿಗೆ ನಮ್ಮ ಬೀದಿಯ ಚಪ್ಪರದಲ್ಲಿ ಅಪ್ಪ ಹಂಚುವ ಕೋಸಂಬರಿಯನ್ನೇ ಮಾಡಬೇಕೆಂದಿದ್ದೇನೆ. ಒಲೆಯ ಗೋಜಿಲ್ಲ, ಸೌತೆಕಾಯಿ ಇಲ್ಲಿ ಈಗ ಮನೆಮನೆಯ ಹಿತ್ತಿಲಲ್ಲಿದೆ, ಹೆಸರುಬೇಳೆ ನನ್ನ ಹತ್ತಿರ ಎರಡು ಕಿಲೋ ಇದೆ. ಅಪ್ಪ, ಎಂಬತ್ತು ಜನಕ್ಕೆ ಪಕ್ಕದಲ್ಲಿ ಬಡಿಸುವಷ್ಟಕ್ಕೆ ಎಷ್ಟು ಪಾವು ಬೇಳೆ ನೆನೆಸಬೇಕು, ಉಪ್ಪು ಹಾಕುವುದು ಬಡಿಸುವುದಕ್ಕೆ ಎಷ್ಟು ಮೊದಲು ಎಂಬುದನ್ನು ತಪ್ಪದೆ ತಿಳಿಸಿ. ನೀರು ಬಿಟ್ಟುಕೊಳ್ಳದಂತೆ ನೀವು ಏನೋ ಮಾಡುತ್ತೀರಿ, ಅದು ನನಗೆ ಸರಿಯಾಗಿ ಗೊತ್ತಿಲ್ಲ. ಇಂಗಿನ ಒಗ್ಗರಣೆ ಹಾಕಬಹುದೇ ಎಂದು ಅಜ್ಜಿಯನ್ನೂ ಕೇಳಿ ಬರೆಯಿರಿ.

ಅಜ್ಜಿಗೆ ನನ್ನ ನಮಸ್ಕಾರ.

ಇಂತಿ ನಿಮ್ಮ ಪ್ರೀತಿಯ ಮಗಳು